ಇಳಿಜಾರಿನ ಉಷ್ಣವ್ಯವಹಾರ: ಹಳೆಯ ಪಿಕಪ್ಪಿಗೆ ಹೊಸ ಬ್ರೇಕು

ಸಹ್ಯಾದ್ರಿಯ ನೆತ್ತಿಯಿಂದ ಕರಾವಳಿಗೆ ಇಳಿಯುವ ದಾರಿಗಳು ನಮ್ಮ ನಾಡಿನಲ್ಲಿ ಹಲವುಂಟು: ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸುತ್ತಿ ಸುತ್ತಿ ಸೋಮೇಶ್ವರವನ್ನು ಮುಟ್ಟುವ ಆಗುಂಬೆಯ ಘಾಟಿ, ಕೊಟ್ಟಿಗೆಹಾರವನ್ನು ದಾಟಿ ಬೆಳ್ತಂಗಡಿಯ ಸೀಮೆಗೆ ಜಾರುವ ಚಾರ್ಮಾಡಿ, ಸಕಲೇಶಪುರದ ಕೆಳಗಣ ಶಿರಾಡಿ, ಮಾಸ್ತಿಕಟ್ಟೆಯಾಚೆಯ ಹುಲಿಕಲ್ಲು. ಇವುಗಳಲ್ಲಿ ಯಾವುದಾದರೊಂದರ ಮೇಲ್ತುದಿಯಲ್ಲಿ, ಅಡಿಕೆಯ ಮೂಟೆಗಳನ್ನೋ ಶುಂಠಿಯ ಚೀಲಗಳನ್ನೋ ಹೇರಿಕೊಂಡು, ಒಟ್ಟು ತೂಕ ಎರಡೂವರೆ ಟನ್ನಿನಷ್ಟಾಗಿ ಒಂದು ಪಿಕಪ್ ಗಾಡಿ ನಿಂತಿದೆಯೆಂದು ಭಾವಿಸೋಣ. ಅಲ್ಲಿಂದ 500 ಮೀಟರ್ ಕೆಳಗಣ ಸಮತಟ್ಟಿಗೆ ಅದು ಬಂದು ತಲಪುವಷ್ಟರಲ್ಲಿ, ಆ ಎತ್ತರದಲ್ಲಿ ಅಡಗಿದ್ದ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜೂಲ್‌ಗಳಷ್ಟು ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಅಷ್ಟು ಶಕ್ತಿಯಿಂದ ಮಲೆನಾಡಿನ ಬಚ್ಚಲುಮನೆಯ ಹಂಡೆಯಲ್ಲಿ ನಲವತ್ತು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗಾಳಿಯ ತಡೆ, ಟಯರುಗಳ ಘರ್ಷಣೆ, ಎಂಜಿನ್ನಿನ ಹಿಡಿತ ಇವು ತಮ್ಮ ತಮ್ಮ ಪಾಲನ್ನು ತೆಗೆದುಕೊಂಡಾದ ಮೇಲೆ ಉಳಿದುದೆಲ್ಲವೂ ಚಕ್ರಗಳೊಳಗಣ ಅಂಗೈಯಗಲದ ಲೈನಿಂಗ್ ತುಂಡುಗಳ ಮೂಲಕ ಉಷ್ಣವಾಗಿ ಹೊರಬೀಳಬೇಕಾದುದು.

ಬ್ರೇಕು ಗಾಡಿಯನ್ನು ನಿಲ್ಲಿಸುವ ಯಂತ್ರವೆಂದು ನಾವು ಲೋಕರೂಢಿಯಾಗಿ ಹೇಳುತ್ತೇವಾದರೂ, ತತ್ತ್ವತಃ ಅದು ಚಲನೆಯನ್ನು ಶಾಖವಾಗಿ ಪರಿವರ್ತಿಸಿ, ಆ ಶಾಖವನ್ನು ಗಾಳಿಗೆ ಒಪ್ಪಿಸುವ ಯಂತ್ರ. ಇವೆರಡರಲ್ಲಿ ಮೊದಲನೆಯ ಕಾರ್ಯವು ಸುಲಭವಾದದ್ದು; ಮರದ ತುಂಡೊಂದನ್ನು ಚಕ್ರಕ್ಕೆ ಒತ್ತಿದರೂ ಅದು ನೆರವೇರುತ್ತದೆ. ಎರಡನೆಯದೇ ಕಷ್ಟ. ಹಳೆಯ ಪಿಕಪ್ಪಿಗೆ ಉತ್ತಮವಾದ ಬ್ರೇಕನ್ನು ಅಳವಡಿಸಬೇಕೆಂದು ಹೊರಡುವವನು ಈ ಒಂದು ಮಾತನ್ನು ಮನಸ್ಸಿನಲ್ಲಿ ದೃಢಪಡಿಸಿಕೊಂಡನಾದರೆ, ಗ್ಯಾರೇಜಿನಲ್ಲಿಯೂ ಬಿಡಿಭಾಗಗಳ ಅಂಗಡಿಯಲ್ಲಿಯೂ ತನಗೆ ಎದುರಾಗತಕ್ಕ ನೂರೆಂಟು ಸಲಹೆಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ತಾನೇ ನಿರ್ಣಯಿಸಬಲ್ಲನು.

ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಪಿಕಪ್ಪುಗಳಲ್ಲಿ ಬಹುಪಾಲು ಜೀಪಿನ ಕುಲಕ್ಕೆ ಸೇರಿದವು. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರಾ ಸಂಸ್ಥೆಯು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿತಷ್ಟೆ. ಆ ಮೂಲ ಜೀಪಿನ ನಾಲ್ಕು ಚಕ್ರಗಳಲ್ಲಿಯೂ ಒಂಬತ್ತಂಗುಲ ವ್ಯಾಸದ ಡ್ರಮ್ಮುಗಳಿದ್ದವು. ಗಾಡಿಯ ತೂಕ ಒಂದು ಟನ್ನನ್ನು ಹೆಚ್ಚಾಗಿ ಮೀರದಿದ್ದಾಗ, ವೇಗವು ರಸ್ತೆಗಳ ದೆಸೆಯಿಂದಲೇ ಮಿತವಾಗಿದ್ದಾಗ, ಆ ಬ್ರೇಕು ಸಾಲದೆಂದು ಯಾರೂ ದೂರಲಿಲ್ಲ. ಆದರೆ ಕಾಲಕ್ರಮದಲ್ಲಿ ಅದೇ ವಂಶದ ಗಾಡಿಗಳಿಗೆ ಉದ್ದನೆಯ ಚಾಸಿ ಬಂತು, ಹಿಂದೆ ತೊಟ್ಟಿಯಂಥ ಬಾಡಿ ಬಂತು, ಡೀಸೆಲ್ ಎಂಜಿನ್ ಬಂತು, ಡಾಂಬರಿನ ರಸ್ತೆ ಬಂತು; ಇವೆಲ್ಲಕ್ಕಿಂತ ಮಿಗಿಲಾಗಿ, ಸಂತೆಯ ದಿನ ಇನ್ನೆರಡು ಮೂಟೆ ಹಿಡಿಯಲಾರದೆ ಎಂಬ ಮನುಷ್ಯಸಹಜವಾದ ಆಸೆಯೂ ಬಂತು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲು ಉತ್ಸಾಹ ತೋರಿದವರು ಬ್ರೇಕಿನ ಯೋಗ್ಯತೆಯನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಲು ಅಷ್ಟಾಗಿ ತೋರಲಿಲ್ಲವೆಂಬುದು, ನನಗೆ ತಿಳಿದಮಟ್ಟಿಗೆ, ವಾಹನಗಳ ಚರಿತ್ರೆಯುದ್ದಕ್ಕೂ ಕಾಣಬರುವ ಸಂಗತಿ. ವೇಗವು ಇಮ್ಮಡಿಯಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕುಮಡಿಯಾಗುತ್ತದೆ ಎಂಬ ಗಣಿತವು ಯಾರ ಉತ್ಸಾಹಕ್ಕೂ ಮಣಿಯತಕ್ಕದ್ದಲ್ಲ.

ಡ್ರಮ್ಮಿನ ಗುಣದೋಷಗಳನ್ನು ಕೊಂಚ ವಿಸ್ತಾರವಾಗಿಯೇ ನೋಡಬೇಕು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬಟ್ಟಲೊಂದು, ಅದರೊಳಗೆ ಮೈಗೆ ಲೈನಿಂಗ್ ಹೊದೆದ ಅರ್ಧಚಂದ್ರಾಕಾರದ ಎರಡು ಶೂಗಳು. ಪೆಡಲನ್ನು ತುಳಿದಾಗ ವೀಲ್ ಸಿಲಿಂಡರಿನೊಳಗಿನ ಬ್ರೇಕ್ ಆಯಿಲಿನ ಒತ್ತಡವು ಆ ಶೂಗಳನ್ನು ಹೊರಕ್ಕೆ ತಳ್ಳಿ ಬಟ್ಟಲಿನ ಒಳಮೈಗೆ ಅದುಮುತ್ತದೆ. ಇದರಲ್ಲೊಂದು ಚಮತ್ಕಾರವಿದೆ. ತಿರುಗುವ ಡ್ರಮ್ಮು ಮುಂದಣ ಶೂವನ್ನು ತನ್ನೊಡನೆ ಎಳೆದುಕೊಂಡು ಹೋಗಲು ಯತ್ನಿಸುವುದರಿಂದ, ಆ ಶೂ ತಾನಾಗಿಯೇ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಚಾಲಕನು ತುಳಿದ ಬಲಕ್ಕಿಂತ ಹೆಚ್ಚಿನ ಬಲ ಪುಕ್ಕಟೆಯಾಗಿ ದೊರಕುತ್ತದೆ. ಬೂಸ್ಟರಿನ ಸಹಾಯವಿಲ್ಲದೆ ಬರಿಯ ಕಾಲಿನ ಬಲದಿಂದಲೇ ಹಳೆಯ ಜೀಪುಗಳು ನಿಲ್ಲುತ್ತಿದ್ದುದು ಈ ಕಾರಣದಿಂದ. ಆದರೆ ಪುಕ್ಕಟೆಯಾಗಿ ಬಂದುದರ ಬೆಲೆಯನ್ನು ಇಳಿಜಾರಿನಲ್ಲಿ ತೆರಬೇಕಾಗುತ್ತದೆ. ಬಟ್ಟಲು ಮುಚ್ಚಿಕೊಂಡಿರುವುದರಿಂದ ಒಳಗಣ ಶಾಖಕ್ಕೆ ದಾರಿಯಿಲ್ಲ. ಬಿಸಿಯೇರಿದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಅದನ್ನು ಅಟ್ಟಿಕೊಂಡು ಹೋಗಲು ಪೆಡಲು ಇನ್ನೂ ಆಳಕ್ಕೆ ಇಳಿಯಬೇಕು. ಅಷ್ಟರಲ್ಲಿ ಲೈನಿಂಗಿನೊಳಗಣ ಅಂಟುದ್ರವ್ಯವು ಕಾದು ಅನಿಲವನ್ನು ಬಿಡತೊಡಗಿ, ಅದರ ಘರ್ಷಣಗುಣವೇ ಕುಂದುತ್ತದೆ. ಎಷ್ಟು ತುಳಿದರೂ ಗಾಡಿ ನಿಲ್ಲದು, ಆದರೆ ಪೆಡಲು ಮಾತ್ರ ಕಲ್ಲಿನಂತೆ ಗಟ್ಟಿಯಾಗಿಯೇ ಇರುವುದು. ಸುಟ್ಟ ವಾಸನೆ ಮೂಗಿಗೆ ಬಡಿಯುವುದು. ಘಾಟಿಯ ಚಾಲಕರಿಗೆ ಈ ವಾಸನೆಯ ಪರಿಚಯವನ್ನು ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ.

ಮಳೆಗಾಲದ ಕಥೆ ಬೇರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಆಗುಂಬೆಯ ಕಡೆಯಲ್ಲಿ, ಹಳ್ಳವೊಂದನ್ನು ದಾಟಿದ ಗಾಡಿಯ ಡ್ರಮ್ಮಿನೊಳಗೆ ನೀರು ಹೊಕ್ಕು, ಮುಂದಿನ ಕೆಲವು ಕ್ಷಣಗಳವರೆಗೆ ಬ್ರೇಕು ಇದ್ದೂ ಇಲ್ಲದಂತಾಗುವುದು. ಹಳ್ಳ ದಾಟಿದೊಡನೆ ಪೆಡಲಿನ ಮೇಲೆ ಕಾಲನ್ನು ಹಗುರವಾಗಿ ಇರಿಸಿ, ನಿಧಾನವಾಗಿ ಸಾಗುತ್ತ ಲೈನಿಂಗನ್ನು ಒಣಗಿಸಿಕೊಳ್ಳುವುದು ಆ ಸೀಮೆಯ ಅನುಭವಿ ಚಾಲಕರ ಪಾಠ. ತೆರೆದ ತಟ್ಟೆಯಾದ ಡಿಸ್ಕು ಈ ನೀರನ್ನು ತನ್ನ ತಿರುಗುವಿಕೆಯಿಂದಲೇ ಎರಚಿಬಿಡುತ್ತದೆ.

ಡಿಸ್ಕು ಎಂಬುದು ಹೊಸ ಕಲ್ಪನೆಯೇನಲ್ಲ. ಲೂಯಿ ರೆನೊ ಎಂಬ ಫ್ರೆಂಚ್ ಯಂತ್ರಜ್ಞನು ಡ್ರಮ್ ಬ್ರೇಕನ್ನು ರೂಢಿಗೆ ತಂದ ಆ 1902ರಲ್ಲಿಯೇ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟನ್ನು ಪಡೆದಿದ್ದನು. ಎರಡೂ ಒಡಹುಟ್ಟಿದಂತೆ ಹುಟ್ಟಿದರೂ ಅರ್ಧಶತಮಾನ ಕಾಲ ಡ್ರಮ್ಮೇ ಮೆರೆಯಿತು. 1953ರ ಲ ಮಾನ್ ಪಂದ್ಯದಲ್ಲಿ ಡನ್‌ಲಪ್ ಸಂಸ್ಥೆಯ ಡಿಸ್ಕುಗಳನ್ನು ತೊಟ್ಟ ಜಾಗ್ವಾರ್ ಕಾರು, ಉಳಿದವರಿಗಿಂತ ಎಷ್ಟೋ ತಡವಾಗಿ ಬ್ರೇಕು ಹಿಡಿದು ತಿರುವುಗಳನ್ನು ತೆಗೆದುಕೊಂಡು, ಇಪ್ಪತ್ತನಾಲ್ಕು ಗಂಟೆಗಳ ಕೊನೆಯಲ್ಲಿ ಜಯಶಾಲಿಯಾದ ಮೇಲೆ ಮಾತ್ರ ಲೋಕದ ಕಣ್ಣು ತೆರೆಯಿತು. ಎರಡೇ ವರ್ಷಗಳಲ್ಲಿ ಸಿಟ್ರೊಯನ್ ಡಿ.ಎಸ್. ಎಂಬ ಕಾರು ಮುಂಚಕ್ರಗಳಲ್ಲಿ ಡಿಸ್ಕುಗಳನ್ನು ಧರಿಸಿ ಮಾರುಕಟ್ಟೆಗೆ ಬಂದಿತು. ಪಿಕಪ್ಪುಗಳ ತವರಾದ ಅಮೆರಿಕದಲ್ಲಿ ಷೆವರ್ಲೆ ತನ್ನ ಪಿಕಪ್ಪುಗಳಿಗೆ ಮುಂದಣ ಡಿಸ್ಕುಗಳನ್ನು ಸಾಮಾನ್ಯ ಸಜ್ಜಾಗಿ ಕೊಟ್ಟದ್ದು 1971ರಲ್ಲಿ. ಭಾರ ಹೊರುವ ಗಾಡಿಗೆ ಒಳ್ಳೆಯ ಬ್ರೇಕು ವಿಹಾರದ ಕಾರಿಗಿಂತ ತಡವಾಗಿ ಬಂದುದರ ವಿಚಿತ್ರವನ್ನು ಓದುಗರೇ ಗಮನಿಸಬಹುದು. ಇನ್ನು ಲೈನಿಂಗಿನ ಹುಟ್ಟಿಗೂ ಇಳಿಜಾರಿಗೂ ಇರುವ ನಂಟು ಸ್ವಾರಸ್ಯವಾದದ್ದು: ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಳಲ್ಲಿ ರೈತರು ತಮ್ಮ ಕುದುರೆಗಾಡಿಗಳ ಮರದ ಬ್ರೇಕುಗಳಿಗೆ ಹಳೆಯ ಬೂಟುಗಳನ್ನು ಮೊಳೆ ಹೊಡೆದು ಇಳಿಯುತ್ತಿದ್ದುದನ್ನು ಕಂಡೇ ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ ಬ್ರೇಕಿನ ಲೈನಿಂಗನ್ನು ತಯಾರಿಸುವ ಪ್ರಯೋಗಕ್ಕೆ ಕೈಹಾಕಿದನೆಂದು ಹೇಳುತ್ತಾರೆ.

ಇಷ್ಟನ್ನು ಕೇಳಿದ ಯಾರಿಗಾದರೂ, ಮುಂಚಕ್ರಗಳ ಡ್ರಮ್ಮುಗಳನ್ನು ಕಿತ್ತೊಗೆದು ಡಿಸ್ಕುಗಳನ್ನು ಕೂರಿಸಿಬಿಟ್ಟರೆ ಕೆಲಸ ಮುಗಿಯಿತೆಂದು ತೋರುವುದು ಸಹಜ. ಘಾಟಿಯ ಮೇಲಣ ಪೇಟೆಯೊಂದರ ಗ್ಯಾರೇಜಿನಲ್ಲಿ ನಾನು ಕೇಳಿದ ಸಂಭಾಷಣೆ ಇದಕ್ಕೆ ಒಪ್ಪುತ್ತದೆ. ತೋಟದ ಒಡೆಯರೊಬ್ಬರು, "ಮುಂದಕ್ಕೆ ಡಿಸ್ಕ್ ಹಾಕಿಬಿಡಿ, ಎಷ್ಟಾಗ್ತದೆ ಹೇಳಿ" ಎಂದರು. ಮೇಸ್ತ್ರಿ ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ, "ಹಾಕುವ ಯಜಮಾನ್ರೇ, ಅದಕ್ಕೇನು? ಆದ್ರೆ ಮೊದಲು ಇರೋದನ್ನ ಸರಿ ಮಾಡುವ. ನಿಮ್ಮ ಡ್ರಮ್ಮು ಮೊಟ್ಟೆ ಆಕಾರ ಆಗಿದೆ, ಹಿಂದೆ ಎಡಗಡೆ ಸಿಲಿಂಡರ್ ಸೋರ್ತಾ ಇದೆ. ಇದನ್ನ ಹೀಗೇ ಬಿಟ್ಟು ಮುಂದೆ ಡಿಸ್ಕ್ ಹಾಕಿದ್ರೆ ಏನು ಸಿಕ್ಕಿತು?" ಎಂದನು. ಒಡೆಯರಿಗೆ ಈ ಉತ್ತರ ರುಚಿಸಿದಂತೆ ಕಾಣಲಿಲ್ಲ. ಆದರೆ ಮೇಸ್ತ್ರಿಯ ಮಾತು ಶಾಸ್ತ್ರಸಮ್ಮತವಾದದ್ದು. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಿಸಿ, ಅವು ಗರಿಷ್ಠ ವ್ಯಾಸವನ್ನು ಮೀರಿದ್ದರೆ ಹೊಸವನ್ನೇ ಹಾಕಿ, ಲೈನಿಂಗನ್ನು ಡ್ರಮ್ಮಿನ ಒಳಮೈಗೆ ಪೂರ್ಣವಾಗಿ ಒಪ್ಪುವಂತೆ ಉಜ್ಜಿ, ಸಿಲಿಂಡರುಗಳ ರಬ್ಬರುಗಳನ್ನೂ ವಯಸ್ಸಾದ ಹೋಸುಗಳನ್ನೂ ಬದಲಿಸಿ, ಶೂಗಳ ಅಂತರವನ್ನು ಹೊಂದಿಸಿದರೆ, ಎಷ್ಟೋ ಗಾಡಿಗಳು ತಮ್ಮ ಒಡೆಯರೇ ಬೆರಗಾಗುವಂತೆ ನಿಲ್ಲುತ್ತವೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ, ಡ್ರಮ್ಮು ಬಿಚ್ಚಿದೊಡನೆ ಗಾಳಿಯ ಪೈಪನ್ನು ಹಿಡಿದು ಧೂಳನ್ನು ಹಾರಿಸುವ ಅಭ್ಯಾಸ ಮಾತ್ರ ಶ್ವಾಸಕೋಶಕ್ಕೆ ಮಾರಕವಾದದ್ದು. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಎರಡನೆಯ ಸುಧಾರಣೆ, ನನ್ನ ಅಭಿಪ್ರಾಯದಲ್ಲಿ ಕೊಟ್ಟ ಹಣಕ್ಕೆ ಅತ್ಯಧಿಕ ಫಲವನ್ನು ಕೊಡುವಂಥದು, ಕಣ್ಣಿಗೆ ಕಾಣಿಸುವುದೇ ಇಲ್ಲ. ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ನಾಲ್ಕು ಚಕ್ರಗಳಿಗೂ ಒಂದೇ ನಾಳ. ಎಲ್ಲಿಯಾದರೂ ಒಂದು ಹೋಸು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಮ್ಮೆಗೇ ಮಾಯ. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಕೋಣೆಗಳುಳ್ಳ ಸಿಲಿಂಡರನ್ನು ಹಾಕಿ ನಾಳಗಳನ್ನು ಬೇರ್ಪಡಿಸಿದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಅಮೆರಿಕದಲ್ಲಿ 1962ರಲ್ಲಿ ಕ್ಯಾಡಿಲಾಕ್‌ನಂಥ ಕಾರುಗಳಲ್ಲಿ ಕಾಣಿಸಿಕೊಂಡ ಈ ವ್ಯವಸ್ಥೆಯನ್ನು ಆ ದಶಕ ಮುಗಿಯುವುದರೊಳಗಾಗಿ ಅಲ್ಲಿನ ಸರಕಾರವು ಕಾರುಗಳಿಗೆಲ್ಲ ಕಡ್ಡಾಯವಾಗಿ ವಿಧಿಸಿತು. ಜೀಪಿನ ಮೂಲ ಸಿಲಿಂಡರು ಚಾಲಕನ ಕಾಲಡಿಯ ತಗಡಿನ ಕೆಳಗೆ ಕೆಸರು ನೀರಿನ ಸಾನ್ನಿಧ್ಯದಲ್ಲಿ ಅಡಗಿ ಕುಳಿತಿರುವುದರಿಂದ, ಆಯಿಲಿನ ಮಟ್ಟವನ್ನು ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದನ್ನು ಬಾನೆಟ್ಟಿನ ಒಳಗೆ, ಪಾರದರ್ಶಕ ಬಾಟಲಿಯೊಡನೆ ಕಾಣುವಂತೆ ಮೇಲಕ್ಕೆ ತರುವುದೂ ಇದರೊಡನೆಯೇ ಆಗಬೇಕಾದ ಕೆಲಸ.

ಈಗ ಡಿಸ್ಕಿಗೆ ಬರೋಣ. ಡಿಸ್ಕನ್ನು ಹಾಕಿದೊಡನೆ ಸರಪಣಿಯ ಕೊಂಡಿಗಳಂತೆ ಒಂದರ ಹಿಂದೆ ಒಂದು ಅವಶ್ಯಕತೆಗಳು ಎಳೆದುಕೊಂಡು ಬರುತ್ತವೆ. ಡ್ರಮ್ಮು ಪುಕ್ಕಟೆಯಾಗಿ ಕೊಡುತ್ತಿದ್ದ ಆ ತಾನಾಗಿ ಕಚ್ಚುವ ಗುಣ ಡಿಸ್ಕಿಗಿಲ್ಲ. ಆದುದರಿಂದ ತಟ್ಟೆಯನ್ನು ಎರಡು ಬದಿಗಳಿಂದ ಹಿಡಿಯುವ ಪ್ಯಾಡುಗಳನ್ನು ಒತ್ತಲು ಹೆಚ್ಚಿನ ಒತ್ತಡ ಬೇಕು. ಕಾಲಿನಿಂದ 30 ಕಿಲೋ ಭಾರದಷ್ಟು ತುಳಿದರೆ, ಆರುಪಟ್ಟು ಸನ್ನೆಯುಳ್ಳ ಪೆಡಲು ಅದನ್ನು 180 ಕಿಲೋ ಮಾಡಿ ಮಾಸ್ಟರ್ ಸಿಲಿಂಡರಿಗೆ ಒಪ್ಪಿಸುತ್ತದೆ. ಸಿಲಿಂಡರಿನ ಒಳವ್ಯಾಸ ಒಂದು ಅಂಗುಲವಾದರೆ ನಾಳದಲ್ಲಿ ಹುಟ್ಟುವ ಒತ್ತಡ ಚದರ ಸೆಂಟಿಮೀಟರಿಗೆ 35 ಕಿಲೋ, ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚಾದ ಏಳೆಂಟಾಂಶ (7/8) ಅಂಗುಲವಾದರೆ 46 ಕಿಲೋ. ಹಾಗಾದರೆ ಕಿರಿದಾದ ಸಿಲಿಂಡರನ್ನೇ ಹಾಕಿಬಿಡೋಣವೆಂದರೆ, ಅದು ಒಂದು ತುಳಿತಕ್ಕೆ ತಳ್ಳುವ ಆಯಿಲು ಕಡಿಮೆ. ಆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನಲ್ಲಿರುವ ದಪ್ಪ ಪಿಸ್ಟನ್ನುಗಳಿಗೋ ಹೆಚ್ಚು ಆಯಿಲು ಬೇಕು. ಪೆಡಲು ನೆಲ ಮುಟ್ಟುತ್ತದೆ. ಸಿಲಿಂಡರನ್ನು ಹಿರಿದು ಮಾಡಿದರೆ ಕಾಲಿನ ಬಲ ಸಾಲದು. ಈ ಇಕ್ಕಟ್ಟಿನಿಂದ ಪಾರಾಗಲು ಒದಗುವುದೇ ಬೂಸ್ಟರು: ಒಂಬತ್ತಂಗುಲದ ಪೊರೆಯೊಂದರ ಒಂದು ಬದಿಗೆ ವಾಯುಮಂಡಲದ ಒತ್ತಡ, ಇನ್ನೊಂದು ಬದಿಗೆ ನಿರ್ವಾತ, ಈ ಅಂತರವೊಂದೇ 300 ಕಿಲೋ ಭಾರದಷ್ಟು ಸಹಾಯವನ್ನು ಕಾಲಿಗೆ ಮಾಡಬಲ್ಲದು.

ಆದರೆ ಆ ನಿರ್ವಾತ ಎಲ್ಲಿಂದ? ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಥ್ರಾಟಲು ಅಡ್ಡಗಟ್ಟುವುದರಿಂದ ನಿರ್ವಾತವು ತಾನಾಗಿ ಸಿಕ್ಕುತ್ತದೆ. ಡೀಸೆಲ್ ಎಂಜಿನ್ನು ಸಾಮಾನ್ಯವಾಗಿ ತಡೆಯಿಲ್ಲದೆ ಉಸಿರಾಡುವಂಥದು, ಆದುದರಿಂದ ಅದಕ್ಕೆ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪು ಬೇಕು. ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಎಂಜಿನ್ನು ನಿಂತರೆ ಪಂಪೂ ನಿಂತಿತು. ಬೂಸ್ಟರಿನೊಳಗೆ ಉಳಿದಿರುವ ನಿರ್ವಾತವು ಒಂದೆರಡು ತುಳಿತಗಳಿಗೆ ಸಾಕಾದೀತು, ಮೂರನೆಯದಕ್ಕೆ ಪೆಡಲು ಮರದ ಕೊರಡು. ಡೀಸೆಲ್ ಉಳಿಸುವ ನೆಪದಿಂದ ಕೀಲಿಯನ್ನು ತಿರುಗಿಸಿ ಎಂಜಿನ್ನನ್ನು ಆರಿಸಿ, ನ್ಯೂಟ್ರಲ್ಲಿನಲ್ಲಿ ಘಾಟಿಯಿಳಿಯುವ ಮಹಾಶಯರು ಇನ್ನೂ ಇದ್ದಾರೆ. ಬೂಸ್ಟರು ಹಾಕಿಸಿದ ಮೇಲೆ ಅವರ ಅಪಾಯವು ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂಬುದನ್ನು ಅವರಿಗೆ ತಿಳಿಸುವವರು ವಿರಳ. ಬೆಟ್ಟ ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತಿನ ಹಿಂದೆ ಶಾಖದ ಲೆಕ್ಕವೇ ಇದೆ: ಎಂಜಿನ್ನು ನುಂಗಿದಷ್ಟು ಶಕ್ತಿಯು ಲೈನಿಂಗಿಗೆ ತಲಪುವುದಿಲ್ಲ.

ಡ್ರಮ್ಮಿಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರುಗಳಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಕವಾಟವಿರುತ್ತದೆ. ಪೆಡಲು ಬಿಟ್ಟ ಮೇಲೂ ನಾಳದಲ್ಲಿ ಅಲ್ಪ ಒತ್ತಡವನ್ನು ಹಿಡಿದಿಟ್ಟು, ವೀಲ್ ಸಿಲಿಂಡರಿನ ರಬ್ಬರುಗಳು ಬಿಗಿಯಾಗಿರುವಂತೆ ಅದು ನೋಡಿಕೊಳ್ಳುತ್ತದೆ. ಡ್ರಮ್ಮಿನ ಶೂಗಳನ್ನು ಹಿಂದೆಳೆಯಲು ಬಲವಾದ ಸ್ಪ್ರಿಂಗುಗಳಿರುವುದರಿಂದ ಅಲ್ಲಿ ಇದರಿಂದ ತೊಂದರೆಯಿಲ್ಲ. ಡಿಸ್ಕಿನ ಪ್ಯಾಡಿಗೆ ಅಂಥ ಸ್ಪ್ರಿಂಗಿಲ್ಲ. ಆ ಅಲ್ಪ ಒತ್ತಡವೇ ಅದನ್ನು ಡಿಸ್ಕಿಗೆ ಸದಾ ಸವರುತ್ತಿರುವಂತೆ ಮಾಡಿ, ಊರು ಬಿಟ್ಟು ಊರು ಸೇರುವುದರೊಳಗೆ ಚಕ್ರದ ಹಬ್ಬು ಮುಟ್ಟಲಾರದಷ್ಟು ಸುಡುತ್ತದೆ. "ಡಿಸ್ಕ್ ಹಾಕಿದ ಮೇಲೆ ಜ್ಯಾಮ್ ಹಿಡೀತದೆ" ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ಕವಾಟದ ಮರೆವಿನಿಂದ ಹುಟ್ಟಿದವು. ಚಕ್ರದ ರಿಮ್ಮಿನೊಳಗೆ ಕ್ಯಾಲಿಪರು ಹಿಡಿಯುವಷ್ಟು ಸ್ಥಳವಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ಅಳೆದು ನೋಡಬೇಕೆಂಬುದನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಡಿಸ್ಕಿನ ತುಂಬ ರಂಧ್ರಗಳನ್ನು ಕೊರೆದು, ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿದು ಮಾರುವುದುಂಟು. ನೋಟಕ್ಕೆ ಚೆಲುವು, ಆದರೆ ಆ ರಂಧ್ರಗಳ ಅಂಚಿನಿಂದಲೇ ಬಿರುಕುಗಳು ಹೊರಡುತ್ತವೆ, ಶಾಖವನ್ನು ಹೀರಬೇಕಾದ ಕಬ್ಬಿಣವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಘಾಟಿಯ ಗಾಡಿಗೆ ಎರಡು ತಟ್ಟೆಗಳ ನಡುವೆ ಗಾಳಿಯಾಡುವ ದಪ್ಪನೆಯ ಸಾದಾ ಡಿಸ್ಕೇ ಯೋಗ್ಯ.

ಬ್ರೇಕ್ ಆಯಿಲಿನ ವಿಷಯದಲ್ಲಿ ನಮ್ಮವರ ಔದಾಸೀನ್ಯ ಹೇಳತೀರದು. ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೂ, ತೇವ ಹೀರಿದ ಮೇಲಿನ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಅಂಕೆಗಳು 230 ಮತ್ತು 155. ಮಲೆನಾಡಿನ ಎರಡು ಮಳೆಗಾಲಗಳನ್ನು ಕಂಡ ಆಯಿಲು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಊಹಿಸಬಹುದು. ಅದು ಕುದಿದಾಗ ನಾಳದೊಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಒತ್ತಡವನ್ನು ರವಾನಿಸಬಲ್ಲುದು, ಆವಿಯಾದರೋ ಕುಗ್ಗಿಬಿಡುತ್ತದೆ, ಪೆಡಲು ಯಾವ ತಡೆಯೂ ಇಲ್ಲದೆ ತಳಕ್ಕಿಳಿಯುತ್ತದೆ. ಲೈನಿಂಗು ಸೋತಾಗ ಪೆಡಲು ಗಟ್ಟಿಯಾಗಿದ್ದು ಗಾಡಿ ನಿಲ್ಲದಿರುವುದೂ, ಆಯಿಲು ಕುದಿದಾಗ ಪೆಡಲೇ ಇಲ್ಲವಾಗುವುದೂ ಭಿನ್ನವಾದ ಎರಡು ವ್ಯಾಧಿಗಳು; ಮೊದಲನೆಯದಕ್ಕೆ ಔಷಧ ಡಿಸ್ಕು, ಎರಡನೆಯದಕ್ಕೆ ಎರಡು ವರ್ಷಕ್ಕೊಮ್ಮೆ ಹೊಸ ಆಯಿಲು ತುಂಬಿ, ನಾಲ್ಕು ಚಕ್ರಗಳಲ್ಲಿಯೂ ಏರ್ ತೆಗೆಯುವುದು. ಆಯಿಲು ಇಳಿದಿದೆಯೆಂದು ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನು ಸುರಿದರಂತೂ ಒಳಗಣ ರಬ್ಬರುಗಳೆಲ್ಲ ಉಬ್ಬಿ, ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗಿ ಬರುತ್ತದೆ.

ಹಿಂದಿನ ಚಕ್ರಗಳಿಗೂ ಡಿಸ್ಕು ಬೇಕೆ ಎಂದು ಕೇಳುವವರಿಗೆ, ಬೇಡವೆಂದೇ ನನ್ನ ಉತ್ತರ. ಬ್ರೇಕು ಹಿಡಿದಾಗ ಗಾಡಿಯ ಭಾರವು ಮುಂದಕ್ಕೆ ವಾಲುವುದರಿಂದ ಮುಂಚಕ್ರಗಳೇ ಕೆಲಸದ ಹೆಚ್ಚಿನ ಭಾಗವನ್ನು ಹೊರುತ್ತವೆ. ಹಿಂದಿನ ಡ್ರಮ್ಮು ಕೈಬ್ರೇಕಿಗೂ ಅನುಕೂಲ. ಕಾನೂನಿನ ದೃಷ್ಟಿಯಿಂದಲೂ ಒಂದೆರಡು ಸಂಗತಿಗಳಿವೆ. ಕಾಲಿನ ಬ್ರೇಕು, ಕೈಬ್ರೇಕು ಎರಡೂ ಪರಸ್ಪರ ಸ್ವತಂತ್ರವಾಗಿ ಕೆಲಸಮಾಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ನೋಂದಣಿಪತ್ರದಲ್ಲಿನ ವಿವರಗಳು ನಿರ್ಮಾಪಕರು ಮೂಲತಃ ನಮೂದಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. ಅದೇ ತಯಾರಕರ ನಂತರದ ಮಾದರಿಯ ಮುಂದಣ ಆಕ್ಸಲಿನ ಭಾಗಗಳನ್ನು ಅಳತೆಗೊಪ್ಪುವಂತೆ ಬಳಸುವುದು, ಎಲ್ಲಿಂದಲೋ ತಂದ ಕ್ಯಾಲಿಪರಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಬೆಸೆಯುವುದಕ್ಕಿಂತ ಎಲ್ಲ ಬಗೆಯಿಂದಲೂ ಮೇಲು. ಏನೇ ಮಾಡುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಕೆಲಸ ಮುಗಿದ ದಿನವೇ ಭಾರ ಹೇರಿ ಘಾಟಿಗೆ ಹೋಗತಕ್ಕದ್ದಲ್ಲ. ಹೊಸ ಪ್ಯಾಡು, ಹೊಸ ಡಿಸ್ಕುಗಳ ಮೈ ಒಂದಕ್ಕೊಂದು ಒಗ್ಗಬೇಕು. ಸಮತಟ್ಟಾದ ನಿರ್ಜನ ರಸ್ತೆಯಲ್ಲಿ 50 ಕಿಲೋಮೀಟರಿನ ವೇಗದಿಂದ ಮೃದುವಾಗಿ ಹಲವು ಸಲ ವೇಗ ತಗ್ಗಿಸಿ, ನಡುನಡುವೆ ಆರಲು ಬಿಟ್ಟು, ಗಾಡಿ ಯಾವ ಬದಿಗೂ ಎಳೆಯುವುದಿಲ್ಲವೆಂಬುದನ್ನು ಖಚಿತಪಡಿಸಿಕೊಂಡ ತರುವಾಯವಷ್ಟೇ ಮೂಟೆಗಳ ಮಾತು.

ಆ ಮೂಟೆಗಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮ ಉಳಿದಿದೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಗಟ್ಟಿಯಾಗಿ ಬ್ರೇಕು ಹಿಡಿದರೆ ಹಿಂಚಕ್ರಗಳು ಕಚ್ಚಿಕೊಂಡು, ಒದ್ದೆ ರಸ್ತೆಯಲ್ಲಿ ಗಾಡಿ ಹಿಂಬದಿಯಿಂದ ತಿರುಗಿಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಈಚಿನ ಅನೇಕ ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಕಡ್ಡಿಯೊಂದರಿಂದ ಜೋಡಿಸಿದ ಕವಾಟವೊಂದಿರುತ್ತದೆ: ಭಾರ ಬಿದ್ದು ಚಾಸಿ ಕೆಳಗಿಳಿದಷ್ಟೂ ಅದು ಹಿಂಚಕ್ರಗಳಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ, ಖಾಲಿಯಿದ್ದಾಗ ತಡೆಯುತ್ತದೆ. ನಮ್ಮಲ್ಲಿ ಹೆಚ್ಚು ಭಾರ ಹೇರುವ ಉದ್ದೇಶದಿಂದ ಹಿಂದಿನ ಕಮಾನಿಗೆ ಒಂದೆರಡು ಪ್ಲೇಟುಗಳನ್ನು ಸೇರಿಸುವ ಪದ್ಧತಿ ಸರ್ವಸಾಮಾನ್ಯ. ಆಗ ಗಾಡಿ ತುಂಬಿದರೂ ಚಾಸಿ ಇಳಿಯುವುದಿಲ್ಲ. ಗಾಡಿ ಖಾಲಿಯೇ ಇದೆಯೆಂದು ಬಗೆದ ಕವಾಟವು, ಹಿಂಚಕ್ರಗಳ ಬ್ರೇಕು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಅದನ್ನು ಕಡಿತಗೊಳಿಸುತ್ತದೆ. ಮುಂದಕ್ಕೆ ಎಷ್ಟೇ ಬೆಲೆಬಾಳುವ ಡಿಸ್ಕುಗಳಿದ್ದರೂ, ಆ ಹೊರೆಯ ಶಾಖವೆಲ್ಲ ಅವುಗಳ ತಲೆಯ ಮೇಲೆಯೇ ಬೀಳುವುದು. ಕಮಾನಿಗೆ ಪ್ಲೇಟು ಸೇರಿಸಿದ ಗಾಡಿಯಲ್ಲಿ ಆ ಕಡ್ಡಿಯ ಅಳತೆಯನ್ನು ಹೊಸದಾಗಿ ಹೊಂದಿಸಲೇಬೇಕು. ಅದಕ್ಕೆ ಬೇಕಾದದ್ದು ಎರಡು ಸ್ಪ್ಯಾನರು, ತಯಾರಕರ ಕೈಪಿಡಿಯಲ್ಲಿರುವ ಅಳತೆ, ಮತ್ತು ಗಾಡಿಯ ಕೆಳಗೆ ಮಲಗಲು ಒಂದು ಗೋಣಿತಾಟು.